ಎಂಜಿನ್ ಹೋಯ್ತು ಅಂದರು, ಹೋಗಿದ್ದು ಬೆಲ್ಟ್

ಅಕ್ಕನ ಮನೆಯ ಕಾರು. ಮೂರು ಸಿಲಿಂಡರ್, ಟರ್ಬೊ ಪೆಟ್ರೋಲ್, ಓಡಿರುವುದು 92,000 ಕಿಲೋಮೀಟರ್. ಆಯಿಲ್ ಪ್ರೆಶರ್‌ನ ಕೆಂಪು ದೀಪ ಮಿನುಗುತ್ತಿದೆ ಅಂತ ಸರ್ವಿಸ್ ಸೆಂಟರ್‌ಗೆ ಒಯ್ದರು. ಅಲ್ಲಿ ಸ್ಕ್ಯಾನರ್ ಚುಚ್ಚಿ, ಬಾನೆಟ್ ಮುಚ್ಚಿ, ಎಂಜಿನ್ ಅಸೆಂಬ್ಲಿಯನ್ನೇ ಬದಲಿಸಬೇಕು ಅಂತ ಎಸ್ಟಿಮೇಟ್ ಕೈಗಿಟ್ಟರು. ಆ ಮೊತ್ತಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಇದೇ ಮಾಡೆಲ್‌ನ ಇನ್ನೊಂದು ಹಳೇ ಕಾರು ಬರುತ್ತದೆ. ಆದರೆ ಪ್ರೆಶರ್ ಎಷ್ಟಿದೆ ಅಂತ ಅಳೆದ ಒಂದೇ ಒಂದು ಅಂಕಿ ಆ ಕಾಗದದಲ್ಲಿ ಇರಲಿಲ್ಲ. ಸಂಪ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ, ಬಿಚ್ಚಿರಲಿಲ್ಲ. ಫಿಲ್ಟರ್ ತೆಗೆದು ನೋಡಿರಲಿಲ್ಲ.

ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಎಂಜಿನ್ ಹಾಳಾಗಿದ್ದರೆ ಹಾಳಾಗಿದೆ ಅಂತ ಒಪ್ಪಿಕೊಳ್ಳೋಣ, ಯಂತ್ರ ಅಂದ ಮೇಲೆ ಕೆಡುತ್ತದೆ. ಆದರೆ ಎಂಜಿನ್‌ನ ಯಾವ ಭಾಗ ಹಾಳಾಗಿದೆ, ಹೇಗೆ ಗೊತ್ತಾಯಿತು ಅಂತ ಹೇಳದೆ ಇಡೀ ಎಂಜಿನ್ ಎತ್ತಿ ಬಿಸಾಕಿ ಅನ್ನುವುದು ರಿಪೇರಿ ಅಲ್ಲ. ದುಬಾರಿ ರಿಪೇರಿ ಬಗ್ಗೆ ಕಾರಿನವರು ಹೇಳಿಕೊಳ್ಳುವ ದೂರುಗಳನ್ನು ಕೇಳುತ್ತಾ ಹೋದರೆ ಹೆಚ್ಚಿನವುಗಳಲ್ಲಿ ಇದೇ ಕಥೆ ಇರುತ್ತದೆ. ದೀಪ ಬಂತು, ಸ್ಕ್ಯಾನ್ ಆಯ್ತು, ಎಂಜಿನ್ ಹೋಯ್ತು ಅಂದರು. ಮಧ್ಯದಲ್ಲಿ ಆಗಬೇಕಿದ್ದ ತಪಾಸಣೆ ಆಗಿಯೇ ಇರುವುದಿಲ್ಲ. ಆ ಮಧ್ಯದ ಭಾಗವನ್ನು ನಾವು ಹೇಗೆ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಸರ್ವಿಸ್ ಸೆಂಟರ್‌ನಿಂದಲೇ ಭಾವ ಫೋನ್ ಮಾಡಿದ್ದರು. “ದೀಪ ಬಂದು ಹೋಗುತ್ತೆ ಅಷ್ಟೇ, ನಿಧಾನಕ್ಕೆ ಓಡಿಸ್ಕೊಂಡು ಬರ್ಲಾ?”

“ಬೇಡ ಭಾವ, ಸ್ಟಾರ್ಟೇ ಮಾಡ್ಬೇಡಿ. ಲಾರಿ ಮೇಲೆ ಹಾಕಿಸಿಕೊಂಡು ಬರೋಣ.”

ಹಳದಿ ದೀಪಕ್ಕೂ ಕೆಂಪು ಆಯಿಲ್ ದೀಪಕ್ಕೂ ತುಂಬಾ ವ್ಯತ್ಯಾಸ ಇದೆ. ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಸಾಮಾನ್ಯವಾಗಿ ಗ್ಯಾರೇಜ್‌ವರೆಗೆ ಹೋಗಬಹುದು. ಕೆಂಪು ಆಯಿಲ್ ದೀಪ ಹತ್ತುವುದು ಪ್ರೆಶರ್ ತೀರಾ ಕೆಳಗೆ ಬಿದ್ದ ಮೇಲೆ. ಹೆಚ್ಚಿನ ಕಾರುಗಳಲ್ಲಿ ಆ ಸ್ವಿಚ್ ಅರ್ಧ ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಂದರೆ ದೀಪ ಕಾಣಿಸುವ ಹೊತ್ತಿಗೆ ಎಂಜಿನ್‌ನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ಗೂ ಅದನ್ನು ಹಿಡಿದಿರುವ ಬೇರಿಂಗ್‌ಗೂ ನಡುವೆ ಇರಬೇಕಾದ ಆಯಿಲ್ ಪದರ ಇಲ್ಲವಾಗುವ ಹಂತದಲ್ಲಿ ಇರುತ್ತದೆ. ಆಮೇಲೆ ಓಡಿಸುವ ಒಂದೊಂದು ಕಿಲೋಮೀಟರ್ ಕೂಡ ಬೆಲ್ಟಿನ ರಿಪೇರಿಯನ್ನು ನಿಜವಾಗಿಯೂ ಎಂಜಿನ್ ರಿಪೇರಿ ಮಾಡಿಬಿಡಬಹುದು. ದೀಪ ಬಂದು ಹೋದರೂ ಅಷ್ಟೇ, ಆಫ್ ಮಾಡಿ.

ಗಾಡಿ ಬಂದ ಮೇಲೆ ಮೊದಲು ಮಾಡಿದ್ದು ಪ್ರಶ್ನೆ ಕೇಳುವ ಕೆಲಸ. ಯಾವಾಗ ದೀಪ ಬಂತು, ಗಾಡಿ ಬಿಸಿ ಇತ್ತಾ ತಣ್ಣಗಿತ್ತಾ, ನಿಂತಾಗ ಬಂತಾ ಓಡುವಾಗ ಬಂತಾ. ಸ್ಕ್ಯಾನರ್ ಹೇಳದ ಎಷ್ಟೋ ವಿಷಯ ಓಡಿಸುವವರಿಗೆ ಗೊತ್ತಿರುತ್ತದೆ. ಅಕ್ಕ ಹೇಳಿದ್ದು ಇಷ್ಟು: “ಸಿಗ್ನಲ್‌ನಲ್ಲಿ ನಿಂತಾಗ ಬರ್ತಿತ್ತು. ಒಮ್ಮೆ ಏರು ಹತ್ತುವಾಗ್ಲೂ ಬಂತು. ಅದಕ್ಕಿಂತ ಮೊದಲೇ, ಬೆಳಿಗ್ಗೆ ಹೊತ್ತು ಬ್ರೇಕ್ ಕಲ್ಲಿನ ಹಾಗೆ ಗಟ್ಟಿ ಆಗಿರ್ತಿತ್ತು ಕಣೋ, ಯಾರಿಗೂ ಹೇಳಿರ್ಲಿಲ್ಲ.”

ಬ್ರೇಕ್ ಮಾತು ಕೇಳಿದ ಕೂಡಲೇ ನನಗೆ ಅನುಮಾನ ಒಂದು ಕಡೆಗೆ ತಿರುಗಿತು. ಯಾಕೆ ಅಂತ ಹೇಳಬೇಕಾದರೆ ಈ ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು.

ಟೈಮಿಂಗ್ ಬೆಲ್ಟ್ ಅಂದರೆ ಗೊತ್ತಲ್ವಾ, ಕ್ರ್ಯಾಂಕ್ ತಿರುಗಿದ ಹಾಗೆ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆಗೆದು ಮುಚ್ಚುವ ಹಲ್ಲಿನ ಪಟ್ಟಿ. ಹಳೇ ಎಂಜಿನ್‌ಗಳಲ್ಲಿ ಇದು ಹೊರಗೆ ಒಣಗಿದ ಜಾಗದಲ್ಲಿ, ಪ್ಲಾಸ್ಟಿಕ್ ಕವರ್ ಕೆಳಗೆ ಇರುತ್ತದೆ. ಇನ್ನು ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಬದಲು ಚೈನ್. ಸುಮಾರು 15 ವರ್ಷಗಳಿಂದ ಕೆಲವು ಸಣ್ಣ ಎಂಜಿನ್‌ಗಳಲ್ಲಿ ಮೂರನೇ ಬಗೆ ಬಂದಿದೆ. ಬೆಲ್ಟ್ ಎಂಜಿನ್ ಒಳಗೆ, ಆಯಿಲ್‌ನಲ್ಲಿ ನೆನೆಯುತ್ತಲೇ ಓಡುತ್ತದೆ. ಸದ್ದು ಕಡಿಮೆ, ತಿಕ್ಕಾಟ ಕಡಿಮೆ, ಮೈಲೇಜ್ ಸ್ವಲ್ಪ ಜಾಸ್ತಿ. ಕಾಗದದ ಮೇಲೆ ಒಳ್ಳೆಯ ಯೋಚನೆಯೇ. ತೊಂದರೆ ಏನೆಂದರೆ ರಬ್ಬರಿಗೆ ಆಯಿಲ್ ಸರಿಹೊಂದದಿದ್ದರೆ, ಅಥವಾ ಆಯಿಲ್‌ನಲ್ಲಿ ಪೆಟ್ರೋಲ್ ಬೆರೆತರೆ, ಬೆಲ್ಟ್ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಪುಡಿ ಉದುರಿಸುತ್ತದೆ. ಹೊರಗಿನ ಬೆಲ್ಟ್ ಪುಡಿ ಉದುರಿಸಿದರೆ ರಸ್ತೆ ಮೇಲೆ ಬೀಳುತ್ತದೆ. ಇದು ಉದುರಿಸಿದರೆ ಸೀದಾ ಸಂಪ್‌ಗೆ ಬೀಳುತ್ತದೆ. ಅಲ್ಲಿಂದ ಆಯಿಲ್ ಪಂಪ್ ಹೀರುವ ಬಾಯಿಗೆ, ಅಂದರೆ ಸ್ಟ್ರೈನರ್‌ನ ಜಾಲರಿಗೆ ಹೋಗಿ ಅಂಟಿಕೊಳ್ಳುತ್ತದೆ. ಬೆಲ್ಟ್ ತುಂಡಾಗಿ ಎಂಜಿನ್ ಕೆಡುವುದಕ್ಕಿಂತ ಮೊದಲೇ ಆಯಿಲ್ ಸಿಗದೆ ಎಂಜಿನ್ ಕೆಡಬಹುದು.

ಬ್ರೇಕಿಗೂ ಇದಕ್ಕೂ ಏನು ಸಂಬಂಧ ಅಂದರೆ, ಇಂಥ ಎಂಜಿನ್‌ಗಳಲ್ಲಿ ಪೆಡಲ್ ಒತ್ತುವ ಕಾಲಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಅನ್ನು ಕ್ಯಾಮ್‌ಶಾಫ್ಟ್‌ನಿಂದ ತಿರುಗುವ ಒಂದು ಪಂಪ್ ಕೊಡುತ್ತದೆ. ಆ ಪಂಪಿಗೂ ಇದೇ ಆಯಿಲ್ ಹೋಗಬೇಕು. ಅದರ ಬಾಯಲ್ಲಿ ಇನ್ನೂ ಸಣ್ಣ ಜಾಲರಿ ಇರುತ್ತದೆ. ಕಟ್ಟಿಕೊಂಡರೆ ವ್ಯಾಕ್ಯೂಮ್ ಸಾಲುವುದಿಲ್ಲ, ಪೆಡಲ್ ಗಟ್ಟಿಯಾಗುತ್ತದೆ. ಎಷ್ಟೋ ಜನ ಇದನ್ನು ಬ್ರೇಕ್ ತೊಂದರೆ ಅಂತಲೇ ತಿಳಿದು ಪ್ಯಾಡ್ ಬದಲಿಸಿ ಸುಮ್ನೆ ದುಡ್ಡು ಖರ್ಚು ಮಾಡುತ್ತಾರೆ.

ಬಿಚ್ಚುವ ಮೊದಲು ಅಳತೆ

ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಈ ಎಂಜಿನ್‌ನಲ್ಲಿ ಬೆಲ್ಟ್ ಕಾಣಿಸುತ್ತದೆ. ಕಂಡಿತು. ಬೆನ್ನಿನ ಮೇಲೆ ಅಡ್ಡಡ್ಡ ಬಿರುಕು. ಅಂಚಿನಲ್ಲಿ ನೂಲು ಎದ್ದಿದೆ. ಬೆಲ್ಟಿನ ಅಗಲ ನೋಡುವುದಕ್ಕೆ ಒಂದು ಸಣ್ಣ ಗೇಜ್ ಬರುತ್ತದೆ, ಮುಚ್ಚಳದ ತೂತಿನಿಂದಲೇ ಇಳಿಸಿ ಬೆಲ್ಟಿನ ಮೇಲೆ ಕೂರಿಸುವುದು. ಬೆಲ್ಟ್ ಸರಿ ಇದ್ದರೆ ಗೇಜ್ ಸಲೀಸಾಗಿ ಕೂರಬೇಕು. ಇಲ್ಲಿ ಎಲ್ಲಿ ಇಟ್ಟರೂ ಕೂರಲೇ ಇಲ್ಲ. ಬೆಲ್ಟ್ ಅಷ್ಟು ಉಬ್ಬಿತ್ತು. ಬಿಚ್ಚದೆ, ಏನೂ ಖರ್ಚಿಲ್ಲದೆ, ಐದು ನಿಮಿಷದಲ್ಲಿ ಆಗುವ ಈ ತಪಾಸಣೆಯನ್ನು ಆ ಸರ್ವಿಸ್ ಸೆಂಟರ್‌ನಲ್ಲಿ ಮಾಡಿರಲಿಲ್ಲ.

ಆದರೆ ಬೆಲ್ಟ್ ಕೆಟ್ಟಿದೆ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತ ಆಗುವುದಿಲ್ಲ. ಎರಡೂ ಕೆಟ್ಟಿರಬಹುದು. ಹಾಗಾಗಿ ಮುಂದೆ ಹೋದೆವು.

ಆಯಿಲ್ ಇಳಿಸಿ, ಫಿಲ್ಟರ್ ತೆಗೆದು, ಅದರ ಕಾಗದದ ಮಡಿಕೆಗಳನ್ನು ಬ್ಲೇಡ್‌ನಿಂದ ಕೊಯ್ದು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಹಾಕಿದೆ. ಇದನ್ನು ಬಿಸಿಲಲ್ಲಿ ನೋಡಬೇಕು, ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹುಡುಕಬೇಕಾದ್ದು ಲೋಹದ ಹೊಳಪನ್ನು. ಮ್ಯಾಗ್ನೆಟ್ ಆಡಿಸಿದರೆ ಸಾಕು ಅಂತ ತುಂಬಾ ಜನ ತಿಳಿದಿರುತ್ತಾರೆ. ಬೇರಿಂಗ್ ಶೆಲ್‌ನ ಮೇಲಿನ ಪದರ ಅಲ್ಯೂಮಿನಿಯಂ ಅಥವಾ ತಾಮ್ರದ ಮಿಶ್ರಲೋಹ, ಅದು ಮ್ಯಾಗ್ನೆಟ್‌ಗೆ ಅಂಟುವುದೇ ಇಲ್ಲ. ಅದಕ್ಕೆ ಕಣ್ಣಿನಿಂದಲೇ ನೋಡಬೇಕು. ಮಡಿಕೆ ಅಲುಗಿಸಿದಾಗ ಮಿಣಮಿಣ ಅಂತ ಹೊಳೆಯುವ ಚೂರುಗಳು ಬಂದರೆ ಬೇರಿಂಗ್ ತಿಂದಿದೆ ಅಂತ ಅರ್ಥ. ನಮಗೆ ಸಿಕ್ಕಿದ್ದು ಮಂಕಾದ ಕಪ್ಪು ಕಾಳುಗಳು ಮಾತ್ರ. ಬೆರಳಲ್ಲಿ ಉಜ್ಜಿದರೆ ಇಂಗಾಲ ಮಸಿಯಾಗಿ ಹರಡುತ್ತದೆ, ಇವು ಹರಡಲಿಲ್ಲ, ಮೆತ್ತಗೆ ಒತ್ತಿ ಮತ್ತೆ ಉಬ್ಬಿದವು. ರಬ್ಬರ್. ಹೊಳಪಿನ ಒಂದು ಚೂರೂ ಇರಲಿಲ್ಲ. ಆ ಬಟ್ಟೆಯ ಫೋಟೊ ತೆಗೆದು, ಕಾಳುಗಳನ್ನು ಜಿಪ್ ಕವರ್‌ನಲ್ಲಿ ಹಾಕಿ ಮೇಲೆ ತಾರೀಕು, ಕಿಲೋಮೀಟರ್ ಬರೆದಿಟ್ಟೆ.

ಸಿಲಿಂಡರ್ ಒಳಗೆ ಒತ್ತಡ ನಿಲ್ಲುತ್ತದಾ ಅಂತ ನೋಡುವ ಕಂಪ್ರೆಶನ್ ಟೆಸ್ಟ್‌ನಲ್ಲಿ ಮೂರೂ ಸಿಲಿಂಡರ್ 12.4, 12.1, 12.3 ಬಾರ್ ಬಂದವು. ಪಿಸ್ಟನ್ ರಿಂಗ್, ವಾಲ್ವ್, ಹೆಡ್ ಗ್ಯಾಸ್ಕೆಟ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ ಅನ್ನುವುದಕ್ಕೆ ಇಷ್ಟು ಸಾಕು. ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ ಶೇಕಡ 10–15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದಿದ್ದರೆ ಮಾತ್ರ ಮುಂದೆ ಹುಡುಕಬೇಕಿತ್ತು.

ಎಲ್ಲಕ್ಕಿಂತ ಮುಖ್ಯವಾದ್ದು ಪ್ರೆಶರ್. ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ, ಆ ತೂತಿಗೆ ಸರಿಯಾದ ಅಡಾಪ್ಟರ್ ಹಾಕಿ ಮುಳ್ಳಿನ ಗೇಜ್ ಕಟ್ಟಿದೆ. ಹೊಸ ಫಿಲ್ಟರ್, ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನ ಹೊಸ ಆಯಿಲ್. ಇಂಧನ ಬರದ ಹಾಗೆ ಫ್ಯೂಸ್ ತೆಗೆದು ಮೊದಲು ಬರೀ ಸ್ಟಾರ್ಟರ್‌ನಿಂದ ತಿರುಗಿಸಿದೆವು, ಮುಳ್ಳು ಎದ್ದ ಮೇಲೆಯೇ ಸ್ಟಾರ್ಟ್ ಮಾಡಿದ್ದು. ಭಾವ ಸ್ಟೇರಿಂಗ್ ಹಿಂದೆ ಕೂತರು. ಮುಳ್ಳು 0.3ಕ್ಕಿಂತ ಕೆಳಗೆ ಇಳಿದರೆ ನಾನು ಕೈ ಎತ್ತುತ್ತೇನೆ, ಆ ಕ್ಷಣ ಆಫ್ ಮಾಡಿ ಅಂತ ಮಾತಾಡಿಕೊಂಡಿದ್ದೆವು. ಕಟಕಟ ಸದ್ದು ಇರುವ ಎಂಜಿನ್‌ನಲ್ಲಿ ಈ ಟೆಸ್ಟ್ ಮಾಡಲೇಬೇಡಿ, ನೇರವಾಗಿ ಸಂಪ್ ಬಿಚ್ಚಿ. ಇದರಲ್ಲಿ ಸದ್ದು ಇರಲಿಲ್ಲ.

ತಣ್ಣಗಿದ್ದಾಗ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) 2.1 ಬಾರ್, ಆದರೆ ಅಲ್ಲಿಗೆ ಏರಲು ತುಂಬಾ ಹೊತ್ತು ತೆಗೆದುಕೊಂಡಿತು. ಆಯಿಲ್ ಬಿಸಿಯಾದ ಮೇಲೆ ಐಡಲ್‌ನಲ್ಲಿ 0.5, ಮುಳ್ಳು ನಡುಗುತ್ತಿತ್ತು. 2,000 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ 2,000 ಸುತ್ತಿಗೆ, 1.2. 3,000ಕ್ಕೆ ಏರಿಸಿದರೆ ಇನ್ನೂ ಮೇಲೆ ಹೋಗಬೇಕಿದ್ದ ಮುಳ್ಳು 1.0ಗೆ ಇಳಿಯಿತು.

ಈ ಕೊನೆಯ ಅಂಕಿಯನ್ನು ಬಿಡದೆ ಗಮನಿಸಿ. ಬೇರಿಂಗ್ ಸವೆದಿದ್ದರೆ ಸಂದು ದೊಡ್ಡದಾಗಿ ಆಯಿಲ್ ಸೋರುತ್ತದೆ, ಐಡಲ್‌ನಲ್ಲಿ ಪ್ರೆಶರ್ ಕಡಿಮೆ ಇರುತ್ತದೆ, ಆದರೆ ಆರ್‌ಪಿಎಂ ಏರಿಸಿದರೆ ಪಂಪ್ ಜಾಸ್ತಿ ತಳ್ಳುವುದರಿಂದ ಪ್ರೆಶರ್ ಕೂಡ ಏರುತ್ತದೆ. ಪಂಪಿಗೆ ಹೀರಲು ಆಯಿಲ್ಲೇ ಸಿಗದಿದ್ದರೆ ಆರ್‌ಪಿಎಂ ಏರಿಸಿದಷ್ಟೂ ಪರದಾಡುತ್ತದೆ, ಪ್ರೆಶರ್ ಅಲ್ಲೇ ನಿಲ್ಲುತ್ತದೆ ಅಥವಾ ಬೀಳುತ್ತದೆ. ಅಕ್ಕ ಹೇಳಿದ ಏರಿನಲ್ಲಿ ದೀಪ ಬಂದ ವಿಷಯಕ್ಕೂ ಇದಕ್ಕೂ ತಾಳೆ ಆಯಿತು. ಇದನ್ನೇ ಪೂರ್ತಿ ನಂಬಿ ತೀರ್ಮಾನ ಮಾಡಬಾರದು, ಯಾಕೆಂದರೆ ಇತ್ತೀಚಿನ ಎಷ್ಟೋ ಎಂಜಿನ್‌ಗಳಲ್ಲಿ ಪಂಪ್ ತಾನೇ ಪ್ರೆಶರ್ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ, ಅದಕ್ಕೆ ಆ ಎಂಜಿನ್‌ನದೇ ಮ್ಯಾನುಯಲ್‌ನ ಅಂಕಿ ಇಟ್ಟುಕೊಂಡು ಹೋಲಿಸಬೇಕು. ನಮ್ಮ ಮ್ಯಾನುಯಲ್ ಪ್ರಕಾರ 2,000ಕ್ಕೆ ಕನಿಷ್ಠ 2 ಬಾರ್ ಇರಬೇಕಿತ್ತು. ಸ್ಟ್ರೈನರ್ ಕಟ್ಟಿದೆ ಅನ್ನುವುದಕ್ಕೆ ಇನ್ನು ಸಂಪ್ ಇಳಿಸಿಯೇ ನೋಡಬೇಕು.

ಸಂಪ್ ಇಳಿಸಿದಾಗ

ಜ್ಯಾಕ್ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ. ನಾಲ್ಕೂ ಕಡೆ ಸ್ಟ್ಯಾಂಡ್, ಚಕ್ರಗಳನ್ನು ಬಿಚ್ಚಿ ಅವನ್ನೂ ಸಿಲ್ (ಬಾಗಿಲ ಕೆಳಗಿನ ಅಂಚು) ಕೆಳಗೆ ತಳ್ಳಿಟ್ಟೆವು. ಮುಂದಿನ ಎಕ್ಸಾಸ್ಟ್ ಪೈಪ್ ಅಡ್ಡ ಬರುತ್ತದೆ, ಅದನ್ನು ಬಿಚ್ಚಬೇಕು. ಸಂಪ್‌ಗೆ ರಬ್ಬರ್ ಗ್ಯಾಸ್ಕೆಟ್ ಇಲ್ಲ, ಸೀಲೆಂಟ್ ಹಚ್ಚಿ ಕೂರಿಸಿರುತ್ತಾರೆ. ಬೋಲ್ಟ್ ಎಲ್ಲ ತೆಗೆದರೂ ಜಗ್ಗುವುದಿಲ್ಲ. ಮೂಲೆಯಲ್ಲಿ ಮೀಟಲೆಂದೇ ಒಂದು ಕಚ್ಚು ಬಿಟ್ಟಿರುತ್ತಾರೆ, ಅಲ್ಲಿಗೇ ಸ್ಕ್ರೂಡ್ರೈವರ್ ಹಾಕಿ ಮೆಲ್ಲಗೆ ಮೀಟಬೇಕು. ಬೇರೆ ಕಡೆ ಮೀಟಿದರೆ ಅಲ್ಯೂಮಿನಿಯಂ ಮುಖಕ್ಕೆ ಗೀರು ಬಿದ್ದು ಆಮೇಲೆ ಜೀವನವಿಡೀ ಆಯಿಲ್ ಒಸರುತ್ತಿರುತ್ತದೆ.

ಸ್ಟ್ರೈನರ್ ಕೈಗೆ ಬಂತು. ಅಂಗೈ ಅಗಲದ ಪ್ಲಾಸ್ಟಿಕ್ ಬಾಯಿ, ಒಳಗೆ ಲೋಹದ ಸಣ್ಣ ಜಾಲರಿ. ಮುಕ್ಕಾಲು ಭಾಗ ಜಾಲರಿ ಕಾಣಿಸುತ್ತಲೇ ಇರಲಿಲ್ಲ. ಕೆಳಗಿನ ಪದರ ಸಣ್ಣ ಕಪ್ಪು ಕಾಳು, ಅದರ ಮೇಲೆ ಬೆಲ್ಟಿನ ಹಲ್ಲಿಗೆ ಹೊದಿಸಿರುವ ಬಟ್ಟೆಯ ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಕೂತಿದ್ದವು. ಉಗುರಿನಿಂದ ಎತ್ತಿದರೆ ಇಡೀ ಪದರ ಚಾಪೆಯಂತೆ ಎದ್ದು ಬರುತ್ತಿತ್ತು. ಕೆಳಗೆ ಒಂದು ಹಲ್ಲಿನ ಮೂಲೆ, ಅಕ್ಕಿಕಾಳಿಗಿಂತ ಸಣ್ಣದು, ಅಂಚು ಇನ್ನೂ ಚೂಪಾಗಿಯೇ ಇತ್ತು. ಜಾಲರಿಯ ಒಂದು ಮೂಲೆ ಮಾತ್ರ ಬಯಲಾಗಿತ್ತು, ಇಷ್ಟು ದಿನ ಇಡೀ ಎಂಜಿನ್ ಆ ಮೂಲೆಯಿಂದ ಬಂದ ಆಯಿಲ್‌ನಲ್ಲೇ ಓಡಿದೆ. ಭಾವ ನೋಡಿ ಕೇಳಿದರು, “ಇದಕ್ಕೆ ಎಂಜಿನ್ ಬದಲಿಸಬೇಕು ಅಂದ್ರಾ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಪ್ ತೆರೆದಿರುವಾಗಲೇ ಬೇರಿಂಗ್ ನೋಡಿಬಿಡಬೇಕು. ಪಂಪಿಗೆ ದೂರದ ಸಿಲಿಂಡರ್‌ನ ಬಿಗ್ ಎಂಡ್ ಕ್ಯಾಪ್, ಅಂದರೆ ಪಿಸ್ಟನ್‌ನ ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕ್‌ಗೆ ಹಿಡಿಸುವ ಮುಚ್ಚಳ, ಬಿಚ್ಚಿದೆ. ಈಗಿನ ಕನೆಕ್ಟಿಂಗ್ ರಾಡ್‌ಗಳನ್ನು ಮೊದಲು ಒಂದೇ ತುಂಡಾಗಿ ಮಾಡಿ ಆಮೇಲೆ ಮುರಿದಿರುತ್ತಾರೆ. ಮುರಿದ ಜಾಗದ ಒರಟು ಮುಖಗಳು ಒಂದಕ್ಕೊಂದು ಮಾತ್ರ ಕೂರುತ್ತವೆ. ಹಾಗಾಗಿ ಯಾವ ಕ್ಯಾಪ್ ಯಾವ ರಾಡಿನದು, ಯಾವ ಕಡೆಗೆ ಮುಖ ಅಂತ ಗುರುತು ಹಾಕದೆ ಬಿಚ್ಚಬಾರದು, ಆ ಮುಖಗಳನ್ನು ಉಜ್ಜಬಾರದು, ನೆಲದ ಮೇಲೆ ಕವುಚಿ ಇಡಬಾರದು. ಶೆಲ್‌ನ ಮೇಲ್ಮೈ ಬೂದು ಬಣ್ಣ, ಒಂದೇ ಸಮ. ಸಣ್ಣ ಗೀರುಗಳಿದ್ದವು, ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಮೇಲಿನ ಪದರ ಕಿತ್ತು ಕೆಳಗಿನ ಬಣ್ಣ ಕಾಣುವ ಜಾಗ ಎಲ್ಲೂ ಇರಲಿಲ್ಲ. ಒತ್ತಿದರೆ ಚಪ್ಪಟೆಯಾಗಿ ಸಂದು ಎಷ್ಟು ಅಂತ ತೋರಿಸುವ ಪ್ಲಾಸ್ಟಿಗೇಜ್ ಎಳೆ ಇಟ್ಟು ಬಿಗಿಸಿ ನೋಡಿದರೆ ಸಂದು 0.045 ಮಿಲಿಮೀಟರ್, ಮ್ಯಾನುಯಲ್‌ನ ಮಿತಿಯ ಒಳಗೆ. ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್‌ನ ಜರ್ನಲ್ ಕೂಡ ನುಣುಪಾಗಿಯೇ ಇತ್ತು. ಈ ಕ್ಯಾಪ್‌ಗಳ ಬೋಲ್ಟ್ ಹಿಗ್ಗುವ ತನಕ ಬಿಗಿಸುವ ಜಾತಿಯವು, ಬಿಚ್ಚಿದ ಮೇಲೆ ಹಳೆಯದನ್ನೇ ಹಾಕುವ ಹಾಗಿಲ್ಲ. ಅಳತೆ ಮುಗಿದ ಮೇಲೆ ಹೊಸ ಬೋಲ್ಟ್ ಹಾಕಿದೆ.

ಎಂಜಿನ್ ಚೆನ್ನಾಗಿತ್ತು. ಅದನ್ನೇ ಗುಜರಿಗೆ ಕಳಿಸುವುದರಲ್ಲಿದ್ದರು.

ಇನ್ನು ಜೋಡಿಸುವ ಕೆಲಸ. ಪಟ್ಟಿ ಹೀಗೆ ಆಯಿತು: ಬೆಲ್ಟ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಕಿಟ್, ಕ್ರ್ಯಾಂಕ್ ಪುಲ್ಲಿ ಬೋಲ್ಟ್, ಮುಂದಿನ ಆಯಿಲ್ ಸೀಲ್, ಹೊಸ ಆಯಿಲ್ ಪಂಪ್, ಸ್ಟ್ರೈನರ್, ವ್ಯಾಕ್ಯೂಮ್ ಪಂಪ್, ಸೀಲೆಂಟ್, ಫಿಲ್ಟರ್, ಆಯಿಲ್. ಪಂಪ್ ತೊಳೆದು ಹಾಕಬಹುದಿತ್ತು, ಆದರೆ ರಬ್ಬರ್ ಕಾಳು ಒಳಗಿನ ವಾಲ್ವ್‌ನಲ್ಲಿ ಸಿಕ್ಕಿಕೊಂಡಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಅಷ್ಟು ಕೆಲಸ ಮಾಡಿ ಅಲ್ಲಿ ಉಳಿತಾಯ ಮಾಡುವುದು ನನಗೆ ಸರಿ ಅನ್ನಿಸಲಿಲ್ಲ.

ಬೆಲ್ಟ್ ಬದಲಿಸುವುದರಲ್ಲಿ ಎಚ್ಚರ ಬೇಕಾದ ಜಾಗ ಒಂದೇ, ಅದು ಟೈಮಿಂಗ್. ಈ ಎಂಜಿನ್‌ನ ಕ್ರ್ಯಾಂಕ್ ಗೇರಿಗೆ ಜಾರದಂತೆ ಹಿಡಿಯುವ ಲೋಹದ ಬೆಣೆ (ಕೀ) ಇಲ್ಲ, ಬೋಲ್ಟಿನ ಬಿಗಿಯಿಂದಲೇ ಅದು ನಿಲ್ಲುವುದು. ಬೋಲ್ಟ್ ಸಡಿಲಿಸಿದ ಕೂಡಲೇ ಟೈಮಿಂಗ್ ಹೋಯಿತು ಅಂತ ತಿಳಿದುಕೊಳ್ಳಿ. ಹೊರಗೆ ಬಣ್ಣದ ಗುರುತು ಹಾಕಿಕೊಂಡು ಮಾಡುತ್ತೇನೆ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಪಿನ್ ಹಾಕಿ ಲಾಕ್ ಮಾಡುವ ಟೂಲ್ ಕಿಟ್ ಬೇಕೇ ಬೇಕು. ಬಾಡಿಗೆಗೆ ಸಿಕ್ಕಿದರೂ ಆಯಿತು. ಮತ್ತೆ ಆ ಲಾಕಿಂಗ್ ಪಿನ್ ಇರುವುದು ಸ್ಥಾನ ಹಿಡಿಯಲು, ಬೋಲ್ಟ್ ಬಿಗಿಸುವಾಗ ತಡೆ ಕೊಡಲು ಅಲ್ಲ. ಅದನ್ನೇ ನಂಬಿ ಬಿಗಿಸಿದರೆ ಪಿನ್ ಬಾಗುತ್ತದೆ, ಇಲ್ಲ ಬ್ಲಾಕ್ ಒಡೆಯುತ್ತದೆ. ಪುಲ್ಲಿ ಹಿಡಿಯಲು ಬೇರೆ ಟೂಲ್ ಹಾಕಿದೆವು. ಬಿಗಿಸಿದ ಮೇಲೆ ಪಿನ್‌ಗಳನ್ನು ತೆಗೆದು, ಕೈಯಿಂದಲೇ ಪಾನಾ ಹಾಕಿ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಪಿನ್ ಹಾಕಿ ನೋಡಬೇಕು. ಎರಡೂ ಪಿನ್ ಒತ್ತಾಯ ಇಲ್ಲದೆ ಒಳಗೆ ಹೋದರೆ ಟೈಮಿಂಗ್ ಸರಿ. ಹೋದವು.

ಹಳೇ ಸೀಲೆಂಟ್ ಕೆರೆಯುವುದಕ್ಕೆ ಪ್ಲಾಸ್ಟಿಕ್ ಸ್ಕ್ರೇಪರ್ ಮಾತ್ರ. ಡ್ರಿಲ್‌ಗೆ ಸಿಕ್ಕಿಸುವ ನಾರಿನ ಡಿಸ್ಕ್ ಹಾಕಿದರೆ ಕ್ಷಣದಲ್ಲಿ ಆಗುತ್ತದೆ ನಿಜ, ಆದರೆ ಅದರಿಂದ ಉದುರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಎಂಜಿನ್ ಒಳಗೆ ಸೇರಿದರೆ ಚೆನ್ನಾಗಿರುವ ಬೇರಿಂಗನ್ನು ಅದೇ ಕೊಲ್ಲುತ್ತದೆ. ಹೊಸ ಸೀಲೆಂಟ್ ತೆಳು ಎಳೆಯಾಗಿ ಹಚ್ಚಬೇಕು. ಜಾಸ್ತಿ ಹಚ್ಚಿದರೆ ಒಳಗಡೆ ಹಿಂಡಿಕೊಂಡು ಬಂದು ತುಂಡಾಗಿ ಮತ್ತದೇ ಸ್ಟ್ರೈನರ್‌ಗೆ ಹೋಗುತ್ತದೆ.

ರಬ್ಬರ್ ಕಾಳು ಹೋಗಿರಬಹುದಾದ ಉಳಿದ ಜಾಗಗಳನ್ನೂ ಬಿಡಲಿಲ್ಲ. ವಾಲ್ವ್ ತೆರೆಯುವ ಹೊತ್ತನ್ನು ಆಯಿಲ್ ಹರಿವಿನಿಂದ ಹೊಂದಿಸುವ ವಾಲ್ವ್ ಟೈಮಿಂಗ್ ಸೊಲೆನಾಯ್ಡ್‌ಗಳ ಸಣ್ಣ ಜಾಲರಿ ತೊಳೆದೆ, ಎರಡರಲ್ಲೂ ಕಾಳು ಇತ್ತು. ಟರ್ಬೊಗೆ ಆಯಿಲ್ ಒಯ್ಯುವ ಪೈಪ್ ಬಿಚ್ಚಿ ಊದಿದೆ, ಸ್ವಚ್ಛ ಇತ್ತು. ಹಳೇ ವ್ಯಾಕ್ಯೂಮ್ ಪಂಪ್‌ನ ಬಾಯಿ ಪೂರ್ತಿ ಮುಚ್ಚಿತ್ತು, ಅಕ್ಕನ ಗಟ್ಟಿ ಪೆಡಲ್‌ಗೆ ಕಾರಣ ಅದೇ.

ಎಂಜಿನ್ ಒಳಗೆ ಸ್ವಚ್ಛ ಮಾಡಲು ಡೀಸೆಲ್, ಸೀಮೆಎಣ್ಣೆ, ಘಾಟು ಫ್ಲಶ್ ಹಾಕಿಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಆಯಿಲ್‌ನಲ್ಲಿ ಓಡುವ ಬೆಲ್ಟ್ ಇರುವ ಗಾಡಿಗೆ ಅದು ವಿಷ. ರಬ್ಬರ್ ಕೆಟ್ಟಿದ್ದೇ ಇಂಥದ್ದರಿಂದ, ಹೊಸ ಬೆಲ್ಟಿಗೆ ಮತ್ತೆ ಅದನ್ನೇ ಕುಡಿಸಿದರೆ ಹೇಗೆ? ನಾವು ಸರಿಯಾದ ಆಯಿಲ್ಲನ್ನೇ ಹಾಕಿ, ಬಿಸಿಯಾಗುವ ತನಕ ಐಡಲ್‌ನಲ್ಲಿ ಓಡಿಸಿ, ಇಳಿಸಿ, ಫಿಲ್ಟರ್ ಬದಲಿಸಿ ಮತ್ತೆ ಹೊಸ ಆಯಿಲ್ ಹಾಕಿದೆವು.

ಬೆಲ್ಟ್ ಇಷ್ಟು ಬೇಗ ಯಾಕೆ ಕೆಟ್ಟಿತು

ಸರ್ವಿಸ್ ಬಿಲ್‌ಗಳನ್ನು ಹರವಿಕೊಂಡು ಕೂತೆ. ಎಲ್ಲ ಸರ್ವಿಸ್ ಹೊತ್ತಿಗೆ ಸರಿಯಾಗಿ ಆಗಿದೆ. ಆದರೆ ಹೆಚ್ಚಿನ ಬಿಲ್‌ಗಳಲ್ಲಿ “ಎಂಜಿನ್ ಆಯಿಲ್, ಸಿಂಥೆಟಿಕ್” ಅಂತ ಮಾತ್ರ ಇದೆ. ಎರಡು ಬಿಲ್‌ನಲ್ಲಿ ಗ್ರೇಡ್ (ಆಯಿಲ್ ಎಷ್ಟು ತೆಳು, ಎಷ್ಟು ದಪ್ಪ ಅನ್ನುವುದು) 5ಡಬ್ಲ್ಯೂ-30 ಅಂತ ಇದೆ, ಮ್ಯಾನುಯಲ್ ಕೇಳುವುದು 0ಡಬ್ಲ್ಯೂ-20. ಗ್ರೇಡ್ ಒಂದೇ ನೋಡಿದರೂ ಸಾಲದು. 0ಡಬ್ಲ್ಯೂ-20 ಅಂತ ಬರೆದ ಆಯಿಲ್ ಎಷ್ಟೋ ಇವೆ. ಗಾಡಿ ತಯಾರಿಸಿದವರು ಈ ಬೆಲ್ಟಿಗೆ ಒಪ್ಪಿದ ಆಯಿಲ್‌ಗೆ ಒಂದು ಅನುಮೋದನೆ ಕೋಡ್ ಇರುತ್ತದೆ, ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ. ಬೇಕಾದ್ದು ಆ ಕೋಡ್. ಹಿಂದೆ ಯಾವ ಆಯಿಲ್ ಹಾಕಿದ್ದರು ಅಂತ ಈಗ ಸಾಬೀತು ಮಾಡಲು ದಾರಿಯೇ ಇಲ್ಲ, ಬಿಲ್‌ನಲ್ಲಿ ಬರೆದೇ ಇಲ್ಲವಲ್ಲ.

ಎರಡನೆಯದು ಓಡಾಟದ ಬಗೆ. ಅಕ್ಕನ ಕೆಲಸ ಮನೆಗೆ ಹತ್ತಿರ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುತ್ತದೆ. ಇದು ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್, ತಣ್ಣಗಿದ್ದಾಗ ಉರಿಯದ ಪೆಟ್ರೋಲ್ ಗೋಡೆಗಳಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ದೂರ ಓಡಿಸಿದರೆ ಆ ಪೆಟ್ರೋಲ್ ಆವಿಯಾಗಿ ಹೋಗುತ್ತದೆ, ಹತ್ತಿರದ ಓಡಾಟದಲ್ಲಿ ಅಲ್ಲೇ ಉಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತದೆ, ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತದೆ. “ನಮ್ಮ ಗಾಡಿ ಆಯಿಲ್ ಕುಡಿಯುವುದೇ ಇಲ್ಲ, ಇನ್ನೂ ಜಾಸ್ತಿ ಆಗಿದೆ” ಅಂತ ಖುಷಿಪಡುವವರು ದಯವಿಟ್ಟು ಒಮ್ಮೆ ಮೂಸಿ ನೋಡಿ.

ಇದರಲ್ಲಿ ಓಡಿಸುವವರ ತಪ್ಪು ಏನಿದೆ ಹೇಳಿ? ಊರೊಳಗೆ ಓಡಾಡಲಿ ಅಂತಲೇ ಮಾರುವ ಸಣ್ಣ ಕಾರು. ಊರೊಳಗೆ ಓಡಾಡಿದ್ದರಿಂದ ಬೆಲ್ಟ್ ಕೆಟ್ಟಿತು ಅಂದರೆ ಅದು ವಿನ್ಯಾಸದ ದೋಷ. ಇದು ನನ್ನ ಒಬ್ಬನ ಮಾತಲ್ಲ. ಯುರೋಪಿನಲ್ಲಿ ಪ್ಯೂಜೊ, ಸಿಟ್ರನ್ ಕಾರುಗಳ ಕಂಪನಿ ಸ್ಟೆಲಾಂಟಿಸ್ ತನ್ನ 1.2 ಪ್ಯೂರ್‌ಟೆಕ್ ಎಂಜಿನ್‌ಗಳ ಇದೇ ಬಗೆಯ ಬೆಲ್ಟ್ ದೂರುಗಳು ಜಾಸ್ತಿಯಾದ ಮೇಲೆ 2024ರಲ್ಲಿ ವಾರಂಟಿಯನ್ನು 10 ವರ್ಷ ಅಥವಾ 1,75,000 ಕಿಲೋಮೀಟರ್‌ಗೆ ಏರಿಸಿತು. ಅದೇ ಎಂಜಿನ್‌ನ ಹೈಬ್ರಿಡ್ ಆವೃತ್ತಿಗೆ ಬೆಲ್ಟ್ ಬಿಟ್ಟು ಚೈನ್ ಹಾಕಿದರು. ಅಮೆರಿಕದಲ್ಲಿ ಫೋರ್ಡ್ 1.0 ಲೀಟರ್ ಎಂಜಿನ್ ಇರುವ ಇಕೋಸ್ಪೋರ್ಟ್ ಮತ್ತು ಫೋಕಸ್ ಕಾರುಗಳನ್ನು 2023ರ ಕೊನೆಗೆ ವಾಪಸ್ ಕರೆಸಿತು. ಅಲ್ಲಿ ಕೈಕೊಡುತ್ತಿದ್ದುದು ಆಯಿಲ್ ಪಂಪ್ ತಿರುಗಿಸುವ ಬೆಲ್ಟ್.

ಬೆಲ್ಟ್ ಬಿಟ್ಟು ನೋಡಿದರೂ ಕಥೆ ಸುತ್ತುವುದು ಆಯಿಲ್ ದಾರಿಯ ಸುತ್ತವೇ. ಹ್ಯುಂಡೈ 2015ರಲ್ಲಿ ಅಮೆರಿಕದಲ್ಲಿ ಸುಮಾರು 4.7 ಲಕ್ಷ ಸೊನಾಟಾಗಳನ್ನು ವಾಪಸ್ ಕರೆಸಿದ್ದು ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಆಯಿಲ್ ದಾರಿ ಕಟ್ಟಿ ಬೇರಿಂಗ್ ಹೋಗುತ್ತಿತ್ತು ಅಂತ. 2025ರಲ್ಲಿ ಜಿಎಂ ತನ್ನ 6.2 ಲೀಟರ್ ವಿ8 ಇರುವ 7 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಕರೆಸಿತು. ತಪಾಸಣೆಯಲ್ಲಿ ಪಾಸಾದವಕ್ಕೆ ಕೊಟ್ಟ ಪರಿಹಾರ ಇನ್ನಷ್ಟು ದಪ್ಪದ ಆಯಿಲ್. ಇವು ಯಾವುವೂ ಒಬ್ಬಿಬ್ಬರು ಗೊಣಗಿದ್ದರಿಂದ ಆಗಿದ್ದಲ್ಲ. ಒಂದೇ ಬಗೆಯ ದೂರು, ಒಂದೇ ಬಗೆಯ ಪುರಾವೆಯೊಂದಿಗೆ ಸಾಲಾಗಿ ಬಂದಾಗ ಕಂಪನಿಗೆ ತಪ್ಪಿಸಿಕೊಳ್ಳುವುದು ಕಷ್ಟ.

ಅದಕ್ಕೇ ಭಾವ ಕಳಿಸಿದ ದೂರಿನಲ್ಲಿ “ಎಂಜಿನ್ ಹಾಳಾಗಿದೆ, ನ್ಯಾಯ ಕೊಡಿ” ಅಂತ ಬರೆಯಲಿಲ್ಲ. ಚಾಸಿ ನಂಬರ್, ಕಿಲೋಮೀಟರ್, ಬಿಸಿ ಆಯಿಲ್‌ನಲ್ಲಿ ಮೂರು ಆರ್‌ಪಿಎಂಗೆ ಬಂದ ಪ್ರೆಶರ್, ಗೇಜ್ ಕೂರದ ಬೆಲ್ಟಿನ ಫೋಟೊ, ಸ್ಟ್ರೈನರ್ ಫೋಟೊ, ಎಲ್ಲ ಸರ್ವಿಸ್ ಬಿಲ್, ಎಂಜಿನ್ ಬದಲಿಸಿ ಅಂದ ಎಸ್ಟಿಮೇಟ್‌ನ ಪ್ರತಿ. ಜೊತೆಗೆ ಒಂದೇ ಪ್ರಶ್ನೆ: ಯಾವ ತಪಾಸಣೆಯ ಆಧಾರದ ಮೇಲೆ ಈ ಎಸ್ಟಿಮೇಟ್ ಕೊಟ್ಟಿರಿ? ಮೊದಲ ಉತ್ತರ ಎಂದಿನಂತೆ “ವಾರಂಟಿ ಮುಗಿದಿದೆ” ಅಂತ ಬಂತು. ಎರಡನೇ ಪತ್ರಕ್ಕೆ ಹಳೇ ಬೆಲ್ಟ್ ಕಳಿಸಿ ಅಂದರು. ನಾವು ಅರ್ಧ ಕತ್ತರಿಸಿ ಕಳಿಸಿದೆವು, ಇನ್ನರ್ಧ ಸ್ಟ್ರೈನರ್ ಜೊತೆ ಇಟ್ಟುಕೊಂಡಿದ್ದೇವೆ. ಹಳೇ ಭಾಗಗಳನ್ನು ಯಾವತ್ತೂ ಗ್ಯಾರೇಜ್‌ನಲ್ಲೇ ಬಿಟ್ಟು ಬರಬೇಡಿ, ನಿಮ್ಮ ಹತ್ತಿರ ಇರುವ ಪುರಾವೆ ಅದೊಂದೇ. ಬೆಲ್ಟ್ ಕಿಟ್ ಮತ್ತು ವ್ಯಾಕ್ಯೂಮ್ ಪಂಪಿನ ಖರ್ಚು ಕೊಡುವುದನ್ನು ಪರಿಶೀಲಿಸುತ್ತೇವೆ ಅಂತ ಈಗ ಬರೆದಿದ್ದಾರೆ. ಪೂರ್ತಿ ಕೊಡುವವರೆಗೆ ಬಿಡುವುದಿಲ್ಲ ಅಂತ ಭಾವ ಪಟ್ಟು ಹಿಡಿದಿದ್ದಾರೆ, ನಾನೂ ಅದೇ ಸರಿ ಅನ್ನುತ್ತೇನೆ.

ಖರ್ಚು ಎಲ್ಲ ಸೇರಿ, ಟೂಲ್ ಬಾಡಿಗೆ ಮತ್ತು ಲಾರಿ ಹಿಡಿದು, ಆ ಎಸ್ಟಿಮೇಟ್‌ನ ಆರನೇ ಒಂದು ಭಾಗ ದಾಟಲಿಲ್ಲ. ಕೂಲಿ ನಮ್ಮದೇ. ಕೂಲಿ ಕೊಟ್ಟು ಮಾಡಿಸಿದ್ದರೂ ಮೂರನೇ ಒಂದು ಭಾಗದಲ್ಲಿ ಮುಗಿಯುತ್ತಿತ್ತು.

ಜೋಡಿಸಿದ ಮೇಲಿನ ಅಂಕಿ: ಬಿಸಿ ಐಡಲ್‌ನಲ್ಲಿ 1.3 ಬಾರ್, 2,000ಕ್ಕೆ 2.5, 3,000ಕ್ಕೆ 3.2. ಮುಳ್ಳು ನಡುಗುತ್ತಿಲ್ಲ. ಬ್ರೇಕ್ ಪೆಡಲ್ ಬೆಳಿಗ್ಗೆಯೂ ಮೆತ್ತಗಿದೆ. 1,000 ಕಿಲೋಮೀಟರ್ ಆದ ಮೇಲೆ ಫಿಲ್ಟರ್ ಕೊಯ್ದು ನೋಡಿದರೆ ಅಲ್ಲೊಂದು ಇಲ್ಲೊಂದು ಹಳೇ ರಬ್ಬರ್ ಕಾಳು ಇತ್ತು, ಮೂಲೆಗಳಲ್ಲಿ ಉಳಿದಿದ್ದು ಬರುತ್ತಿದೆ. ಲೋಹ ಇಲ್ಲ. ಇನ್ನು ಮುಂದೆ ಪುಸ್ತಕದಲ್ಲಿ ಹೇಳಿದ 15,000 ಕಿಲೋಮೀಟರ್ ಬದಲು 7,500ಕ್ಕೇ ಆಯಿಲ್ ಬದಲಿಸುವುದು, ಬಿಲ್‌ನಲ್ಲಿ ಅನುಮೋದನೆ ಕೋಡ್ ಬರೆಸುವುದು, ಆಯಿಲ್ ಬದಲಿಸುವಾಗಲೆಲ್ಲ ಮುಚ್ಚಳದಿಂದ ಗೇಜ್ ಇಳಿಸಿ ಬೆಲ್ಟ್ ನೋಡುವುದು ಅಂತ ನಿಗದಿ ಮಾಡಿದ್ದೇವೆ. ಮುಂದಿನ ಸಲ ಡ್ರೇನ್ ಬೋಲ್ಟ್ ತೂತಿನಿಂದ ಸಣ್ಣ ಕ್ಯಾಮೆರಾ ಹಾಕಿ ಹೊಸ ಸ್ಟ್ರೈನರ್ ಹೇಗಿದೆ ನೋಡಬೇಕು. ಕಂಪನಿಯ ಉತ್ತರವೂ ಅಷ್ಟರಲ್ಲಿ ಬಂದಿರುತ್ತದೆ, ಎರಡನ್ನೂ ಸೇರಿಸಿ ಬರೆಯುತ್ತೇನೆ.